ನೀರು ಸಾಲದ ಮಾವಿನ ಗಿಡಕ್ಕೆ ಪ್ಯಾಕ್ಲೋಬ್ಯುಟ್ರಜಾಲ್ ಹಾಕಬಹುದಾ?

ನಾಲ್ಕು ವರ್ಷದ ಕಸಿ ಮಾವು, ಫೆಬ್ರವರಿಗೇ ಬಾವಿಯ ತಳ ಕಾಣುತ್ತದೆ, ಪ್ಯಾಕ್ಲೋಬ್ಯುಟ್ರಜಾಲ್ ಅನ್ನೋ ಬೆಳವಣಿಗೆ ತಡೆಯುವ ಔಷಧಿ ಹಾಕಿದರೆ ಗಿಡ ಬರ ತಡೆಯುತ್ತಾ ಅಂತ ಕೇಳಿದ್ದೀರಿ. ಅಯ್ಯೋ, ಇದು 2024ರ ನನ್ನದೇ ಕಥೆ.

ನಮ್ಮದು ಸಾಗರ ತಾಲೂಕಿನ ಆನಂದಪುರದ ಹತ್ತಿರ. 2023ರ ಮಳೆಗಾಲ ಕೈಕೊಟ್ಟಿತ್ತು. ಮಲ್ಲಿಕಾ, ಆಪೂಸು ಸೇರಿ 26 ಗಿಡ. ಈ ಔಷಧಿ ಗಿಡದಲ್ಲಿ ಜಿಬ್ಬರೆಲಿನ್ ಅನ್ನೋ ಬೆಳವಣಿಗೆಯ ಹಾರ್ಮೋನು ತಯಾರಾಗದಂತೆ ತಡೆಯುತ್ತದೆ, ಚಿಗುರು ನಿಲ್ಲುತ್ತದೆ, ಎಲೆ ಕಡಿಮೆಯಾದರೆ ನೀರಿನ ಖರ್ಚೂ ಕಡಿಮೆ ಅಂತ ಓದಿದ್ದೆ. ಓದಿದ್ದು ಸರಿಯೇ. ಹಾಕಿದ ರೀತಿ ತಪ್ಪು.

ಲೆಕ್ಕ ನೋಡಿ. 23 ಪರ್ಸೆಂಟಿನ ಔಷಧಿಯಾದರೆ ಗಿಡದ ಹರವು ಒಂದು ಮೀಟರಿಗೆ ಸುಮಾರು 3 ಮಿಲಿ. ನನ್ನ ಗಿಡಗಳ ಹರವು ಹೆಚ್ಚೆಂದರೆ ಎರಡು ಮೀಟರ್, ಅಂದರೆ 6 ಮಿಲಿ. ಹಾಕಿದ್ದು 20! ಅಂಗಡಿಯಲ್ಲಿ 'ಗಿಡಕ್ಕೆ 20' ಅಂದರು. ಅದು ದೊಡ್ಡ ಮರದ ಲೆಕ್ಕ ಅಂತ ನನಗೆ ಹೊಳೆಯಲೇ ಇಲ್ಲ. ಅಳೆಯುವ ಟೇಪು ಮನೆಯಲ್ಲೇ ಇತ್ತು, ಗೊಬ್ಬರದ ಚೀಲದ ಹಿಂದೆ.

ಅದಕ್ಕಿಂತ ದೊಡ್ಡ ತಪ್ಪು, ಒಣ ಮಣ್ಣಿಗೆ ಹಾಕಿದ್ದು. ಇದು ಬೇರಿನಿಂದ ಮೇಲೇರುವ ಔಷಧಿ. ತೇವ ಇಲ್ಲದೆ ಬೇರು ಏನನ್ನು ಎಳೆದುಕೊಳ್ಳಬೇಕು? 'ಬಾಯಾರಿದ ದನಕ್ಕೆ ನೀರು ಬಿಟ್ಟು ಔಷಧಿ ಕುಡಿಸ್ತೀಯಲ್ಲೋ' ಅಂತ ಅಪ್ಪ ಜಗಲಿಯಿಂದಲೇ ಕೂಗಿದರು. ಬೇಸಿಗೆಯಲ್ಲಿ ಎಲೆ ಬಾಡಿದ್ದು ಬಾಡಿದ್ದೇ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಔಷಧಿಯ ಕೆಲಸ ಶುರುವಾಯಿತು. ಗೇಣುದ್ದ ಬರಬೇಕಾದ ಚಿಗುರು ಬೆರಳುದ್ದ. ಎಲೆಗಳೆಲ್ಲ ಹೂಕೋಸಿನ ಹಾಗೆ ತುದಿಯಲ್ಲಿ ಗುಂಪು. ಮಣ್ಣಿನಿಂದ ಬೇಗ ಹೋಗುವ ಜಾತಿಯೂ ಅಲ್ಲ ಇದು.

ಬೇಜಾರು ಮಾಡ್ಕೋಬೇಡಿ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಮಾವಿನಲ್ಲಿ ಇದನ್ನು ಬಳಸುವುದು ಹೂವಿಗಾಗಿ, ಫಸಲು ಬಿಡುವ ಮರಕ್ಕೆ, ಅದೂ ಮಣ್ಣಲ್ಲಿ ತೇವ ಇರುವಾಗ. ನಿಮ್ಮ ಎಳೆ ಗಿಡ ಇನ್ನೂ ಬೆಳೆಯಬೇಕು, ಬೇರು ಇಳಿಸಬೇಕು. ಅದರ ಚಿಗುರು ನಿಲ್ಲಿಸಿ ಏನು ಲಾಭ? ಇನ್ನು ಬರ ತಡೆಯಲಿ ಅಂತ ಎಲೆಗೆ ಸಿಂಪಡಿಸುವ ಸ್ಯಾಲಿಸಿಲಿಕ್ ಆಸಿಡ್ ಅಂತೀರಾ, ಅದು ತಣ್ಣೀರಲ್ಲಿ ಸರಿಯಾಗಿ ಕರಗುವುದೇ ಇಲ್ಲ. ನನ್ನ ಪಂಪಿನ ನಾಝಲ್ ಕಟ್ಟಿಕೊಂಡು ಅರ್ಧ ದಿನ ಹೋಯಿತು.

ಮಲೆನಾಡಲ್ಲಿ ಮಳೆ ಸುರಿಯುತ್ತೆ, ಹರಿದು ಹೋಗುತ್ತೆ, ನಮ್ಮ ತಾಪತ್ರಯ ಅದು. ಗಿಡದ ಮೇಲ್ಬದಿಗೆ ಇಂಗುಗುಂಡಿ ತೆಗೆಯಿರಿ. ತೇವ ಆರುವ ಮೊದಲೇ, ನವೆಂಬರಿನಲ್ಲಿ, ದರಕು, ಅಂದರೆ ಉದುರಿದ ಒಣ ಎಲೆ, ತಂದು ಗೇಣು ದಪ್ಪ ಹಾಸಿ. ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ. ಔಷಧಿ ಹಾಕಲೇಬೇಕು ಅಂತಿದ್ದರೆ ಮೊದಲು ಇರುವಕ್ಕಿಯ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಕೇಳಿ, ಅಂಗಡಿಯಲ್ಲಿ ಬೇಡ.

ನನ್ನ 26ರಲ್ಲಿ ಏಳು ಗಿಡ ಇನ್ನೂ ಎದೆಮಟ್ಟಕ್ಕೇ ನಿಂತಿವೆ. ಲೀಟರ್ ಬಾಟಲಿಯಲ್ಲಿ ಅರ್ಧ ಔಷಧಿ ಅಟ್ಟದ ಮೇಲೆ ಹಾಗೇ ಇದೆ. ಕೇಳಬೇಡಿ, ಕೊಡಲ್ಲ.