ಕಾರ್ಖಾನೆಯಿದ್ದ ನೆಲದಲ್ಲಿ ವಸತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಗರದ ಒಳಭಾಗದಲ್ಲಿ ಬಹುಕಾಲ ನಡೆದು ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಜಾಗದಲ್ಲಿ ವಸತಿ ಸಮುಚ್ಚಯವೊಂದು ಏಳುತ್ತಿದ್ದು, ಅಲ್ಲಿ ಮನೆ ಕೊಳ್ಳುವ ಯೋಚನೆ ನಮಗಿದೆ. ಸೌರಫಲಕ, ಮಳೆನೀರು ಇಂಗಿಸುವ ವ್ಯವಸ್ಥೆ, ನಿವಾಸಿಗಳಿಗೆ ತರಕಾರಿ ತೋಟ ಎಲ್ಲವೂ ಇರುವ ಪರಿಸರಸ್ನೇಹಿ ಯೋಜನೆ ಇದೆಂದು ಪ್ರಚಾರ ಮಾಡಲಾಗುತ್ತಿದೆ. ಇಂಥ ನೆಲದಲ್ಲಿ ವಾಸಿಸುವುದು ಸುರಕ್ಷಿತವೇ? ನಾವು ಏನನ್ನು ವಿಚಾರಿಸಬೇಕು?

ಉತ್ತರ: ಸುರಕ್ಷಿತವಾಗಿರಲು ಸಾಧ್ಯವಿದೆ. ಆದರೆ ನೀವು ಬರೆದಿರುವ ಸೌಲಭ್ಯಗಳಲ್ಲಿ ಒಂದರಿಂದಲೂ ಅದು ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದರೆ ಆ ನೆಲವನ್ನು ಹಿಂದೆ ಯಾವುದಕ್ಕೆಲ್ಲ ಬಳಸಿದ್ದರು ಎಂಬ ದಾಖಲೆಯನ್ನೂ, ಮಣ್ಣು ಮತ್ತು ಅಂತರ್ಜಲದ ಪರೀಕ್ಷಾ ವರದಿಯನ್ನೂ ನೋಡಬೇಕು. ಬಣ್ಣದ ತಯಾರಿಕೆಯಲ್ಲಿ ಸೀಸ ಮತ್ತು ಕ್ರೋಮಿಯಂ ಸಂಯುಕ್ತಗಳನ್ನು ದೀರ್ಘಕಾಲ ಬಳಸಲಾಗಿದೆ. ಇವು ಲೋಹಗಳಾದ್ದರಿಂದ ಕೊಳೆತು ಇಲ್ಲವಾಗುವುದಿಲ್ಲ. ಕಾರ್ಖಾನೆ ಮುಚ್ಚಿ ಎಷ್ಟು ವರ್ಷ ಕಳೆದರೂ ಮಣ್ಣಿನಲ್ಲಿ ಉಳಿದೇ ಇರುತ್ತವೆ. ಸೀಸವಂತೂ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುವ ವಿಷ. ಇನ್ನು ಬಣ್ಣ ತೆಳುವಾಗಿಸಲು ಬಳಸುವ ದ್ರಾವಕಗಳು ನೆಲದಡಿಯಲ್ಲಿ ಆವಿಯಾಗಿ, ತಳಪಾಯದ ಬಿರುಕುಗಳಿಂದಲೂ ಕೊಳವೆಗಳ ಸುತ್ತಲಿನ ಸಂದುಗಳಿಂದಲೂ ಮನೆಯೊಳಗೆ ನುಸುಳಬಲ್ಲವು. ಅದು ಎಷ್ಟೋ ಸಲ ವಾಸನೆಯಿಂದ ತಿಳಿಯುವುದೇ ಇಲ್ಲ.

ಈ ಕ್ಷೇತ್ರದ ಪರಿಣತರು ಮೂರು ಸಂಗತಿಗಳನ್ನು ಒಟ್ಟಿಗೆ ನೋಡುತ್ತಾರೆ: ವಿಷದ ಮೂಲ ಯಾವುದು, ಅದು ಯಾವ ದಾರಿಯಿಂದ ಸಾಗುತ್ತದೆ, ಕೊನೆಗೆ ಯಾರನ್ನು ಮುಟ್ಟುತ್ತದೆ. ಮೂರರಲ್ಲಿ ಒಂದನ್ನು ನಂಬಿಕೆಗೆ ಅರ್ಹವಾಗಿ ತಡೆದರೂ ಅಪಾಯ ತಪ್ಪುತ್ತದೆ. ಮೂಲವನ್ನೇ ತೆಗೆಯುವುದು ಉತ್ತಮವಾದರೂ, ಕಲುಷಿತ ಮಣ್ಣನ್ನು ಅಗೆದು ಬೇರೆಡೆ ಸುರಿದರೆ ತೊಂದರೆ ಸ್ಥಳಾಂತರವಾಗುತ್ತದೆಯೇ ಹೊರತು ಪರಿಹಾರವಾಗುವುದಿಲ್ಲ. ಅದಕ್ಕಾಗಿಯೇ ಸಾಧ್ಯವಾದಲ್ಲೆಲ್ಲ ಮಣ್ಣನ್ನು ಅಲ್ಲೇ ಶುದ್ಧಿಗೊಳಿಸುತ್ತಾರೆ. ಲಂಡನ್ನಿನಲ್ಲಿ 2012ರ ಒಲಿಂಪಿಕ್ಸ್‌ಗಾಗಿ ಹಳೆಯ ಕೈಗಾರಿಕಾ ಪ್ರದೇಶವನ್ನು ಸಿದ್ಧಪಡಿಸಿದಾಗ ಅಪಾರ ಪ್ರಮಾಣದ ಮಣ್ಣನ್ನು ಸ್ಥಳದಲ್ಲೇ ತೊಳೆದು ಮರುಬಳಸಲಾಯಿತು. ಪೆಟ್ರೋಲಿಯಂ ತೈಲಗಳಿಂದಾದ ಮಾಲಿನ್ಯವನ್ನು ಸೂಕ್ಷ್ಮಜೀವಿಗಳು ಒಡೆಯಬಲ್ಲವು, ಆವಿಯಾಗುವ ದ್ರಾವಕಗಳನ್ನು ನೆಲದೊಳಗಿಂದ ಹೀರಿ ಹೊರತೆಗೆಯಬಹುದು. ಕೆಲವು ಸಸ್ಯಗಳೂ ಲೋಹಗಳನ್ನು ಹೀರುತ್ತವೆ. ಜರೀಗಿಡದ ಒಂದು ಪ್ರಭೇದ ಆರ್ಸೆನಿಕ್ಕನ್ನು ಗಣನೀಯವಾಗಿ ಎಳೆದುಕೊಳ್ಳುತ್ತದೆ. ಆದರೆ ಇದು ಹಲವು ವರ್ಷಗಳನ್ನು ಬೇಡುವ ಕೆಲಸವಾದ್ದರಿಂದ ಬೇಗ ಕಟ್ಟಿ ಮಾರಬೇಕೆನ್ನುವ ಯೋಜನೆಗೆ ಹೊಂದುವುದಿಲ್ಲ. ಲೋಹಗಳ ವಿಷಯದಲ್ಲಿ ಎಲ್ಲವನ್ನೂ ತೆಗೆಯಲಾಗದಿದ್ದಾಗ, ಮೇಲೆ ತಡೆಪದರ ಹಾಸಿ ಅದರ ಮೇಲೆ ಶುದ್ಧ ಮಣ್ಣನ್ನು ತುಂಬುತ್ತಾರೆ. ಆಗ ವಿಷ ಕೆಳಗೇ ಇರುತ್ತದೆ, ದಾರಿ ಮಾತ್ರ ಮುಚ್ಚಿರುತ್ತದೆ. ಮುಂದೆ ಯಾರೋ ಕೊಳವೆ ಹಾಕಲು ಅಲ್ಲಿ ಅಗೆದರೆ ಆ ದಾರಿ ಮತ್ತೆ ತೆರೆದುಕೊಳ್ಳುವುದರಿಂದ, ಪದರ ಎಲ್ಲೆಲ್ಲಿದೆ, ಎಷ್ಟು ಆಳದಲ್ಲಿದೆ ಎಂಬ ನಕ್ಷೆ ನಿವಾಸಿಗಳ ಸಂಘದ ಕೈಯಲ್ಲಿ ಶಾಶ್ವತವಾಗಿ ಇರಲೇಬೇಕು.

ನೀವು ಬರೆದಿರುವ ಎರಡು ಸೌಲಭ್ಯಗಳೇ ಇಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿವೆ. ಮಳೆನೀರನ್ನು ನೆಲಕ್ಕೆ ಇಂಗಿಸುವುದು ಸಾಮಾನ್ಯವಾಗಿ ಒಳ್ಳೆಯ ಕೆಲಸ. ಆದರೆ ಕಲುಷಿತ ಮಣ್ಣಿನ ಮೂಲಕ ಇಳಿದ ನೀರು ಅದರಲ್ಲಿ ಕರಗುವ ವಿಷವನ್ನೂ ಹೊತ್ತು ಅಂತರ್ಜಲಕ್ಕೆ ಸೇರಿಸುತ್ತದೆ. ಶುದ್ಧೀಕರಣ ಪೂರ್ಣವಾಗಿದೆಯೆಂಬ ಖಚಿತ ವರದಿ ಇಲ್ಲದ ಕಡೆ ಇಂಗುಗುಂಡಿಯ ಬದಲು ಸೋರದ ತೊಟ್ಟಿಯಲ್ಲಿ ನೀರನ್ನು ಸಂಗ್ರಹಿಸಿ ಬಳಸುವುದೇ ಸರಿಯಾದ ಕ್ರಮ. ತರಕಾರಿಯನ್ನೂ ಹಾಗೆಯೇ, ನೆಲದ ಮಣ್ಣಿನಲ್ಲಿ ಬೆಳೆಯದೆ, ತಳಭಾಗ ಬೇರ್ಪಡಿಸಿ ಹೊರಗಿನಿಂದ ತಂದ ಪರೀಕ್ಷಿತ ಮಣ್ಣನ್ನು ತುಂಬಿದ ಎತ್ತರದ ಮಡಿಗಳಲ್ಲಿ ಬೆಳೆಯಬೇಕು. ಈ ಎರಡನ್ನೂ ಮಣ್ಣಿನ ವರದಿಗೆ ಹೊಂದಿಸಿ ರೂಪಿಸಿದ್ದೀರಾ ಎಂದು ನಿರ್ಮಾಣದವರನ್ನು ಕೇಳಿ. ಉತ್ತರ ತಡವರಿಸಿದರೆ, ಅವರು ನೆಲವನ್ನು ಅರಿಯುವ ಮೊದಲೇ ನಕ್ಷೆ ಬರೆದಿದ್ದಾರೆಂದು ತಿಳಿಯಬಹುದು. ವರದಿಯ ಸಾರಾಂಶಕ್ಕೆ ತೃಪ್ತರಾಗದೆ, ಎಷ್ಟು ಕಡೆ ಎಷ್ಟು ಆಳದಿಂದ ಮಾದರಿ ತೆಗೆದರು, ಶುದ್ಧೀಕರಣದ ನಂತರ ಮತ್ತೆ ಪರೀಕ್ಷೆ ನಡೆಯಿತೇ, ನಡೆಸಿದವರು ನಿರ್ಮಾಣ ಸಂಸ್ಥೆಗೆ ಹೊರತಾದವರೇ ಎಂಬುದನ್ನು ಲಿಖಿತವಾಗಿ ಪಡೆಯಿರಿ.

ಈ ಎಚ್ಚರ ಅತಿಯಾಯಿತೆಂದು ಅನ್ನಿಸಿದರೆ ಅಮೆರಿಕದ ನಯಾಗರಾ ಫಾಲ್ಸ್ ನಗರದ ಲವ್ ಕೆನಾಲ್ ಬಡಾವಣೆಯಲ್ಲಿ ನಡೆದುದನ್ನು ನೋಡಿ. ರಾಸಾಯನಿಕ ತ್ಯಾಜ್ಯ ಸುರಿದಿದ್ದ ಹಳೆಯ ಕಾಲುವೆಯನ್ನು ಮುಚ್ಚಿ, 1953ರಲ್ಲಿ ಒಂದು ಡಾಲರಿಗೆ ಅಲ್ಲಿನ ಶಾಲಾ ಮಂಡಳಿಗೆ ಕೊಡಲಾಯಿತು. ಕೆಳಗೆ ತ್ಯಾಜ್ಯವಿದೆಯೆಂಬುದು ಆ ಹಸ್ತಾಂತರ ಪತ್ರದಲ್ಲೇ ದಾಖಲಾಗಿತ್ತು. ಆದರೂ ಅಲ್ಲಿ ಶಾಲೆ ಎದ್ದಿತು, ಅದರ ಸುತ್ತ ಮನೆಗಳು ಬಂದವು. ವಿಷ ನೆಲಮಾಳಿಗೆಗಳಿಗೆ ಜಿನುಗಿದ ಮೇಲೆ, 1978ರಲ್ಲಿ ತುರ್ತುಸ್ಥಿತಿ ಘೋಷಿಸಿ ಕುಟುಂಬಗಳನ್ನು ಸ್ಥಳಾಂತರಿಸಬೇಕಾಯಿತು. ಮಾಲಿನ್ಯಗೊಂಡ ಸ್ಥಳಗಳ ಶುದ್ಧೀಕರಣಕ್ಕಾಗಿ ಆ ದೇಶ 1980ರಲ್ಲಿ ತಂದ ಕಾನೂನಿಗೆ ಈ ದುರಂತವೇ ದೊಡ್ಡ ಪ್ರೇರಣೆ. ಮಾಹಿತಿ ಇದ್ದೂ ಅದು ಮನೆ ಕೊಂಡವರವರೆಗೆ ತಲುಪಲಿಲ್ಲ ಎಂಬುದೇ ನನ್ನನ್ನು ಇಂದಿಗೂ ನೋಯಿಸುವ ಸಂಗತಿ.

ಪ್ರಶ್ನೆ: ಹಳೆಯ ಕಟ್ಟಡಗಳನ್ನು ಪೂರ್ತಿಯಾಗಿ ಕೆಡವಿ ಕಡಿಮೆ ವಿದ್ಯುತ್ ಬೇಡುವ ಹೊಸ ಮನೆಗಳನ್ನು ಕಟ್ಟುವುದೇ ಪರಿಸರಕ್ಕೆ ಹಿತವಲ್ಲವೇ?

ಉತ್ತರ: ಎಲ್ಲ ಸಂದರ್ಭಗಳಲ್ಲೂ ಅಲ್ಲ. ಸಿಮೆಂಟು, ಉಕ್ಕು, ಇಟ್ಟಿಗೆ ತಯಾರಾಗುವಾಗಲೇ ಅಪಾರ ಇಂಗಾಲ ಹೊರಬಿದ್ದಿರುತ್ತದೆ. ಗಟ್ಟಿಮುಟ್ಟಾಗಿರುವ ಕಟ್ಟಡವನ್ನು ಕೆಡವಿದರೆ ಆ ಖರ್ಚನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ, ಮುಂದೆ ವಿದ್ಯುತ್ತಿನಲ್ಲಿ ಆಗುವ ಉಳಿತಾಯ ಅದನ್ನು ತುಂಬಿಕೊಡಲು ಹಲವು ವರ್ಷಗಳು ಬೇಕಾಗಬಹುದು. ಹೀಗಾಗಿ ಕಂಬ, ತೊಲೆ, ಗೋಡೆಗಳ ಬಲವನ್ನು ಪರೀಕ್ಷಿಸಿ, ಉಳಿಸಿಕೊಳ್ಳಬಹುದಾದುದನ್ನು ಉಳಿಸಿಕೊಂಡು, ಉಳಿದುದನ್ನು ಮಾತ್ರ ಕೆಡವುವುದು ಉಚಿತ. ಕೆಡವಿದ ಕಾಂಕ್ರೀಟನ್ನು ಪುಡಿಮಾಡಿ ರಸ್ತೆಯ ತಳಪದರಕ್ಕೆ ಬಳಸಬಹುದು. ಹಳೆಯ ಕಲ್ನಾರಿನ (ಆಸ್ಬೆಸ್ಟಾಸ್) ಶೀಟುಗಳಿದ್ದರೆ ಅವನ್ನು ಒಡೆಯದೆ, ತರಬೇತಿ ಪಡೆದವರಿಂದಲೇ ತೆಗೆಸಬೇಕು.

ಜರ್ಮನಿಯ ಫ್ರೈಬುರ್ಗ್ ನಗರದ ವೋಬಾನ್ ಬಡಾವಣೆ ಇದಕ್ಕೆ ನನಗೆ ಇಷ್ಟವಾದ ನಿದರ್ಶನ. ಫ್ರೆಂಚ್ ಸೇನೆ 1992ರಲ್ಲಿ ತೆರವುಗೊಳಿಸಿದ ಸೇನಾ ವಸತಿಗಳಲ್ಲಿ ಕೆಲವನ್ನು ವಿದ್ಯಾರ್ಥಿಗಳ ವಾಸಕ್ಕೂ ಕಡಿಮೆ ಬಾಡಿಗೆಯ ಮನೆಗಳಿಗೂ ಮಾರ್ಪಡಿಸಿ, ಉಳಿದ ನೆಲದಲ್ಲಿ ನಿವಾಸಿಗಳೇ ಗುಂಪುಗೂಡಿ ಮನೆಗಳನ್ನು ಕಟ್ಟಿಸಿಕೊಂಡರು. ಕಾರುಗಳನ್ನು ಬಡಾವಣೆಯ ಅಂಚಿನ ನಿಲ್ದಾಣಗಳಲ್ಲಿ ಬಿಡುವ ಏರ್ಪಾಡಿದ್ದು, ಟ್ರಾಮ್ ಸಂಪರ್ಕವೂ ಇದೆ. ನಗರದೊಳಗಿನ ನೆಲವನ್ನೇ ಮರುಬಳಸುವುದರ ನಿಜವಾದ ಲಾಭ ಇಲ್ಲಿದೆ: ಹೊಲಗದ್ದೆ, ಕಾಡುಗಳು ಉಳಿಯುತ್ತವೆ, ಜನರ ನಿತ್ಯದ ಓಡಾಟವೂ ಕುಗ್ಗುತ್ತದೆ.

ಹೊಸದಾಗಿ ಕಟ್ಟುವಲ್ಲಿ ತಂತ್ರಜ್ಞಾನವನ್ನು ಸರಳವಾಗಿಡಿ ಎಂಬುದು ನನ್ನ ಸಲಹೆ. ದಕ್ಷಿಣ ಲಂಡನ್ನಿನಲ್ಲಿ 2002ರಲ್ಲಿ ಪೂರ್ಣಗೊಂಡ, ಸುಮಾರು 100 ಮನೆಗಳ ಬೆಡ್‌ಜೆಡ್ ಸಮುಚ್ಚಯದಲ್ಲಿ ದಪ್ಪ ಉಷ್ಣನಿರೋಧಕ ಗೋಡೆಗಳೂ ದಕ್ಷಿಣಕ್ಕೆ ಮುಖಮಾಡಿದ ಗಾಜಿನ ಕೋಣೆಗಳೂ ಇಂದಿಗೂ ಕೆಲಸ ಮಾಡುತ್ತಿವೆ. ಮರದ ಚೂರುಗಳಿಂದ ವಿದ್ಯುತ್ತನ್ನೂ ಶಾಖವನ್ನೂ ಕೊಡಬೇಕಿದ್ದ ಯಂತ್ರವನ್ನು ಮಾತ್ರ ನಡೆಸಲಾಗದೆ ಕೆಲವೇ ವರ್ಷಗಳಲ್ಲಿ ನಿಲ್ಲಿಸಬೇಕಾಯಿತು. ನಿವಾಸಿಗಳೇ ನೋಡಿಕೊಳ್ಳಬಲ್ಲ ವ್ಯವಸ್ಥೆ ಬಾಳುತ್ತದೆ.

ಪ್ರಶ್ನೆ: ಇಂಥ ಯೋಜನೆಗಳು ಬಂದಾಗ ಸುತ್ತಲಿನ ಬಡವರು ಬಾಡಿಗೆ ಕೊಡಲಾಗದೆ ಊರಾಚೆ ಹೋಗುವಂತಾಗುತ್ತದೆ. ಇದಕ್ಕೆ ಪರಿಹಾರವಿದೆಯೇ?

ಉತ್ತರ: ಇದೆ, ಆದರೆ ಅದನ್ನು ಆರಂಭದಲ್ಲೇ ಮಾಡಬೇಕು. ನೆಲ ಸರ್ಕಾರದ ಇಲ್ಲವೇ ಪಾಲಿಕೆಯ ಒಡೆತನದಲ್ಲಿರುವಾಗಲೇ ಮನೆಗಳಲ್ಲಿ ಇಷ್ಟು ಪಾಲು ಕಡಿಮೆ ಬಾಡಿಗೆಗೆ ಮೀಸಲು ಎಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸಬಹುದು. ಮಾರಾಟವಾದ ಮೇಲೆ ಅದನ್ನು ಸೇರಿಸುವುದು ಬಹಳ ಕಷ್ಟ. ಮಾಲಿನ್ಯದ ಹೊಗೆಯನ್ನು ಉಸಿರಾಡುತ್ತ ಆ ಕಾರ್ಖಾನೆಯ ಪಕ್ಕದಲ್ಲಿ ಬದುಕಿದವರು ಬಹುಪಾಲು ಅವರೇ. ನೆಲ ಶುದ್ಧವಾದ ಮೇಲೆ ಅಲ್ಲಿ ಉಳಿಯುವ ಮೊದಲ ಹಕ್ಕೂ ಅವರದೆಂದು ನಾನು ದೃಢವಾಗಿ ನಂಬುತ್ತೇನೆ. ನಿಮ್ಮ ಬಡಾವಣೆಯಲ್ಲಿ ಇಂಥ ಪ್ರಸ್ತಾವ ಬಂದರೆ ಸಾರ್ವಜನಿಕ ಆಕ್ಷೇಪಣೆಯ ಅವಧಿಯಲ್ಲೇ ಈ ಬೇಡಿಕೆಯನ್ನು ಬರಹದಲ್ಲಿ ಸಲ್ಲಿಸಿ, ಸ್ವೀಕೃತಿಯನ್ನು ಪಡೆದುಕೊಳ್ಳಿ.