ಚೈನ್ ಅಂಗಡಿ ಬಂದರೆ ಸಣ್ಣ ಅಂಗಡಿಗಳನ್ನು ನಗರಸಭೆ ಕಾಪಾಡಬೇಕಾ?

ನಿಮ್ಮೂರಿಗೆ ಚೈನ್ ಸೂಪರ್ ಮಾರ್ಕೆಟ್ (ಒಂದೇ ಕಂಪನಿ ಊರೂರಲ್ಲಿ ನಡೆಸೋ ದೊಡ್ಡ ಅಂಗಡಿ) ಬರುತ್ತಿದೆ, ದಿನಸಿ ಅಂಗಡಿಯವರಿಗೋಸ್ಕರ ನಗರಸಭೆ ಅದನ್ನು ತಡೆಯಬೇಕಾ ಅಂತ ಕೇಳಿದ್ದೀರಿ. ತಡೆಯೋದು ಬೇಡ. ಆದರೆ ಸಣ್ಣವರನ್ನು ಕಾಪಾಡಲೇಬೇಕು.

ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಗಲ್ಲಾ ಪೆಟ್ಟಿಗೆ ಪಕ್ಕ ಉದ್ದರಿ ಪುಸ್ತಕ ಇರುತ್ತದೆ. ಗಾರೆ ಕೆಲಸದವರು ವಾರದ ಮಧ್ಯೆ ಬಂದು ಕಾಲು ಕೆಜಿ ಬೇಳೆ, ಒಂದು ಸಣ್ಣ ಪ್ಯಾಕೆಟ್ ಎಣ್ಣೆ ತಗೊಂಡು "ಬರ್ಕೊಳ್ಳಿ ಅಣ್ಣ" ಅಂತ ಹೇಳಿ ಹೋಗುತ್ತಾರೆ, ಶನಿವಾರ ಬಟವಾಡೆ ಆದಮೇಲೆ ತೀರಿಸುತ್ತಾರೆ. ಬಡ್ಡಿ ಇಲ್ಲ. ಚೈನ್ ಅಂಗಡಿಯ ಬಿಲ್ಲಿಂಗ್ ಕೌಂಟರಿನಲ್ಲಿ ಇದು ನಡೆಯಲ್ಲ. ಹಾಗಂತ ಅಲ್ಲಿ ಅಕ್ಕಿ ಕಡಿಮೆಗೆ ಸಿಕ್ಕರೆ ಅದೇ ಗಾರೆ ಕೆಲಸದವರಿಗೂ ಉಳಿತಾಯವೇ ಅಲ್ವಾ? ಅದನ್ನು ಕಿತ್ತುಕೊಳ್ಳೋ ಹಕ್ಕು ಯಾರಿಗೂ ಇಲ್ಲ.

ಕಾನೂನು ಮಾಡಿ ತಡೆದರೂ ಸಣ್ಣ ಅಂಗಡಿಗಳು ಪೂರ್ತಿ ಉಳಿಯಲ್ಲ. ಜಪಾನಿನಲ್ಲಿ 1974ರಿಂದ 2000ದವರೆಗೆ ದೊಡ್ಡ ಅಂಗಡಿಗಳಿಗೆ ಕಡಿವಾಣ ಹಾಕುವ ಕಾನೂನೇ ಇತ್ತು. ಊರಿನ ವ್ಯಾಪಾರಿಗಳು ಒಪ್ಪದೆ ಹೊಸ ಅಂಗಡಿಗಳು ವರ್ಷಗಟ್ಟಲೆ ಕಾದದ್ದೂ ಉಂಟು. ಆದರೂ 1982ರ ನಂತರ ಚಿಲ್ಲರೆ ಅಂಗಡಿಗಳ ಸಂಖ್ಯೆ ಇಳಿಯುತ್ತಾ ಹೋಯಿತು. ಮಾಲೀಕರಿಗೆ ವಯಸ್ಸಾಯಿತು, ಎಷ್ಟೋ ಮನೆಗಳಲ್ಲಿ ಮಕ್ಕಳು ಗಲ್ಲಾದ ಮೇಲೆ ಕೂರಲು ಬರಲಿಲ್ಲ.

ನನಗೆ ಹಿಡಿಸಿದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ದಾರಿ. 2006ರಲ್ಲಿ ಅಲ್ಲಿನ ಜನ ಮತ ಹಾಕಿ ಒಂದು ನಿಯಮ ತಂದರು: ಬಡಾವಣೆಯ ವ್ಯಾಪಾರದ ಬೀದಿಗಳಲ್ಲಿ ಚೈನ್ ಮಳಿಗೆ ತೆರೆಯಬೇಕಾದರೆ ಮೊದಲು ಸಾರ್ವಜನಿಕ ವಿಚಾರಣೆ ಆಗಬೇಕು. ಅಕ್ಕಪಕ್ಕದವರು ಬಂದು ಮಾತಾಡಬಹುದು. ಒಂದೆರಡು ಬಡಾವಣೆ ಬಿಟ್ಟರೆ ನಿಷೇಧ ಇಲ್ಲ, ಆದರೆ ಸುಮ್ನೆ ಬಂದು ಬೋರ್ಡ್ ಹಾಕೋ ಹಾಗೂ ಇಲ್ಲ.

ನಮ್ಮಲ್ಲಿ ನಗರಸಭೆಯ ಕೈಯಲ್ಲೇ ಇರೋ ಕೆಲಸಗಳು ಬೇಕಾದಷ್ಟಿವೆ. ಅದರದ್ದೇ ಮಳಿಗೆಗಳನ್ನು ನೋಡಿ. ಹರಾಜಿನಲ್ಲಿ ದುಡ್ಡಿರೋರು ಹಿಡಿದು ಒಳಬಾಡಿಗೆಗೆ ಕೊಡುತ್ತಾರೆ, ಅಂಗಡಿ ನಡೆಸುವವನು ಎರಡರಷ್ಟು ಕಟ್ಟುತ್ತಾ ಸೋಲುತ್ತಾನೆ. ಇದನ್ನು ನಿಲ್ಲಿಸಿದರೆ ಎಷ್ಟೋ ಅಂಗಡಿಗಳು ಉಸಿರಾಡುತ್ತವೆ. ಇನ್ನೊಂದು ಪಾರ್ಕಿಂಗ್. ದೊಡ್ಡ ಮಳಿಗೆಯವರು ಕಟ್ಟಡದ ನಕ್ಷೆಯಲ್ಲಿ ನೆಲಮಾಳಿಗೆ ಪಾರ್ಕಿಂಗ್ ಅಂತ ತೋರಿಸಿ ಆಮೇಲೆ ಗೋಡೌನ್ ಮಾಡಿಕೊಳ್ಳುವುದು ಮಾಮೂಲು. ಆಗ ಕಾರುಗಳೆಲ್ಲ ಎದುರಿನ ಸಣ್ಣ ಅಂಗಡಿಗಳ ಬಾಗಿಲಿಗೇ ನಿಲ್ಲುತ್ತವೆ, ಆ ಅಂಗಡಿಗಳ ಗಿರಾಕಿಗೆ ಸೈಕಲ್ ನಿಲ್ಲಿಸಲೂ ಜಾಗ ಇರಲ್ಲ. ನಿಮ್ಮ ವಾರ್ಡಿನ ಸದಸ್ಯರ ಹತ್ತಿರ ಈಗಲೇ ಹೋಗಿ, ಚೈನ್ ಅಂಗಡಿ ಬರೋ ಕಟ್ಟಡದ ನಕ್ಷೆಯಲ್ಲಿ ಪಾರ್ಕಿಂಗ್ ಎಲ್ಲಿದೆ ಅಂತ ಕೇಳಿ. ಉತ್ತರ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಅರ್ಜಿ ಶುಲ್ಕ ಹತ್ತು ರೂಪಾಯಿ.