ದಿನಾ 8 ಕಿಲೋಮೀಟರ್ ಓಡಿದರೂ ಎರಡನೇ ಹಾಫ್‌ನಲ್ಲಿ ಸುಸ್ತು!

ಪ್ರಶ್ನೆ: ನನಗೆ 22 ವರ್ಷ. ಹಗಲು ಅಡಿಕೆ ತೋಟದ ಕೆಲಸ, ಸಂಜೆ ಕಬಡ್ಡಿ. ಊರ ಟೀಮಿನಲ್ಲಿ ನಾನು ರೈಡರ್. ದಸರಾ ಟೂರ್ನಮೆಂಟಿಗೆ ಎಂಟು ವಾರ ಇದೆ ಅಂತ ದಿನಾ ಬೆಳಿಗ್ಗೆ 8 ಕಿಲೋಮೀಟರ್ ಓಡುತ್ತಿದ್ದೇನೆ, ಭಾನುವಾರವೂ ಬಿಡುವುದಿಲ್ಲ. ಆದರೂ ಎರಡನೇ ಹಾಫ್‌ನಲ್ಲಿ ಕಾಲೇ ಏಳುವುದಿಲ್ಲ. ಈಗ ಮೊಣಕಾಲಿನ ಕೆಳಗೆ ಮೂಳೆ ಬೇರೆ ನೋಯುತ್ತಿದೆ. ಇನ್ನೂ ಜಾಸ್ತಿ ಓಡಬೇಕಾ ಸರ್?
– ಓದುಗ, ತೀರ್ಥಹಳ್ಳಿ

ಉತ್ತರ: ಬೇಡ ಮಾರಾಯ್ರೆ, ಮೊದಲು ಓಟ ನಿಲ್ಲಿಸಿ. ಮೂಳೆಯ ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದರೆ ಚುಚ್ಚುತ್ತದಾ, ಸುಮ್ನೆ ಮಲಗಿದ್ದಾಗಲೂ ನೋಯುತ್ತದಾ ನೋಡಿ. ಹೌದಾದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು, ಡಾಕ್ಟರಿಗೆ ತೋರಿಸಿ. ಮುಂದೆ ಹೇಳುವುದೆಲ್ಲ ನೋವು ಹೋದ ಮೇಲೆ.

ಒಂದು ರೈಡ್ ಅಂದರೆ 30 ಸೆಕೆಂಡ್, ಅಲ್ವಾ? ಅಷ್ಟರಲ್ಲಿ ಬಗ್ಗಿ ನುಗ್ಗಬೇಕು, ಬೋನಸ್ ಗೆರೆಗೆ ಕಾಲು ಚಾಚಬೇಕು, ಯಾರಾದರೂ ಪಾದ ಹಿಡಿದರೆ ಅವರನ್ನೂ ಎಳೆದುಕೊಂಡು ಬಂದು ನಡುಗೆರೆ ಮುಟ್ಟಬೇಕು. ಸ್ವಲ್ಪ ಬಿಡುವು, ಮತ್ತೆ ಅದೇ. ಹೀಗೆ 20 ನಿಮಿಷದ ಎರಡು ಹಾಫ್. ನೀವು ಬೆಳಿಗ್ಗೆ ಕಲಿಯುತ್ತಿರುವುದು ಒಂದೇ ವೇಗದಲ್ಲಿ ರಸ್ತೆ ಸವೆಸುವುದನ್ನು. ಆಟ ಕೇಳುವುದೇ ಬೇರೆ.

ವಾರಕ್ಕೆ ಎರಡು ದಿನ ಅಂಗಳದಲ್ಲೇ 20 ಸೆಕೆಂಡ್ ಜೋರಾಗಿ ಹಿಂದೆ ಮುಂದೆ, ಅಡ್ಡಕ್ಕೆ ಓಡಿ, 40 ಸೆಕೆಂಡ್ ನಡೆಯಿರಿ. ಇಂಥ ಆರು ಸುತ್ತು ಸಾಕು. ಸಲೀಸಾದರೆ ಮುಂದಿನ ವಾರ ಒಂದೇ ಒಂದು ಸುತ್ತು ಸೇರಿಸಿ, ನಾಲ್ಕಲ್ಲ. ಇನ್ನೆರಡು ದಿನ ಬಸ್ಕಿ, ದಂಡ, ಸೊಂಟಕ್ಕೆ ಹಗ್ಗ ಕಟ್ಟಿ ಹಳೇ ಟೈರ್ ಎಳೆಯುವುದು. ಓಟ ಬಿಡಲು ಮನಸ್ಸಿಲ್ಲದಿದ್ದರೆ ಒಂದು ದಿನ 3 ಕಿಲೋಮೀಟರ್, ಮಾತಾಡಿಕೊಂಡು ಓಡುವಷ್ಟು ನಿಧಾನಕ್ಕೆ. ಭಾನುವಾರ ಪೂರ್ತಿ ರಜೆ, ಏಕೆಂದರೆ ದೇಹ ಗಟ್ಟಿಯಾಗುವುದು ವ್ಯಾಯಾಮ ಮಾಡುವಾಗ ಅಲ್ಲ, ಅದಾದ ಮೇಲೆ ಉಂಡು ನಿದ್ದೆ ಮಾಡಿದಾಗ.

ಇನ್ನೊಂದು, ತೋಟದ ಕೆಲಸವನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ! ಬೆಳಿಗ್ಗೆಯಿಂದ ಗೊಬ್ಬರ ಹೊತ್ತ ದಿನ ಮತ್ತೆ ಟೈರ್ ಎಳೆಯುವುದು ಯಾಕೆ? ಒಂದು ನೋಟ್‌ಬುಕ್ ಇಡಿ. ಏನು ಮಾಡಿದಿರಿ, ಎಷ್ಟು ಸುಸ್ತಾಯಿತು, ಎಷ್ಟು ಗಂಟೆ ಮಲಗಿದಿರಿ, ಮೂರೇ ಸಾಲು ಬರೆಯಿರಿ. ಮೂರು ದಿನ ಒಂದೇ ಸಮ ಸುಸ್ತು ಅಂತಿದ್ದರೆ ನಾಲ್ಕನೇ ದಿನ ಕಡಿಮೆ ಮಾಡಿ.

ಟೂರ್ನಮೆಂಟಿನ ವಾರ ಸುತ್ತು ಅರ್ಧಕ್ಕೆ ಇಳಿಸಿ, ವೇಗ ಮಾತ್ರ ಇಳಿಸಬೇಡಿ. ಟೀಮಿನವರು ಸೋಮಾರಿ ಅಂದರೆ ಅನ್ನಲಿ ಬಿಡಿ.